ಗೋಡೆಯ ಕಡೆ ತಿರುಗಿಸಿದ ಕುರ್ಚಿ

ಫೋನಿನಲ್ಲಿ ಮಾತನಾಡುವಾಗ ನಾನು ಎಡಗೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತೇನಂತೆ. ನನಗೆ ಗೊತ್ತೇ ಇರಲಿಲ್ಲ. ಮೊನ್ನೆ ಕ್ಲಿನಿಕ್ಕಿನಲ್ಲಿ ಪಕ್ಕದ ಮೇಜಿನ ಶೈಲಜಾ ಹೇಳಿದಳು: "ಏನೇ ಅದು, ಯಾವಾಗ ನೋಡಿದ್ರೂ ಹಲ್ಲುನೋವು ಬಂದೋರ ಥರ ಬಾಯಿ ಮುಚ್ಕೊಂಡು ಮಾತಾಡ್ತೀಯ. ಅಷ್ಟೊಂದು ಗುಟ್ಟು ಯಾರ ಹತ್ರ?" ಗುಟ್ಟೇನೂ ಇರಲಿಲ್ಲ, ಗ್ಯಾಸ್ ಸಿಲಿಂಡರ್ ಬರೆಸುತ್ತಿದ್ದೆ. ಹಾಗೆಂದರೆ ಅವಳು ನಂಬಲಿಲ್ಲ. ಕಡಿಮೆ ಮಾತನಾಡುವ ಹೆಂಗಸರ ಹತ್ತಿರ ಹೇಳದೆ ಉಳಿಸಿಕೊಂಡದ್ದು ಬಹಳ ಇರುತ್ತದೆ ಎಂದು ಜನ ತಿಳಿದಿರುತ್ತಾರೆ. ನನ್ನಲ್ಲಿ ಅಂಥದ್ದು ಹೆಚ್ಚೇನಿಲ್ಲ. ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ನಾನು ಕಲಿತದ್ದು ಚಾಮರಾಜಪೇಟೆಯ ನಮ್ಮ ವಠಾರದಲ್ಲಿ, ಅಪ್ಪನ ಕಣ್ಣು ತಪ್ಪಿಸುವುದಕ್ಕೆ.

ಅಪ್ಪ ನೇಯ್ಗೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಒಂದೇ ಶೆಡ್ಡಿನಲ್ಲಿ ನೂರಾರು ಮಗ್ಗ. ಅದರಲ್ಲಿ ನಾಲ್ಕು ಅಪ್ಪನವು. ಅವು ಓಡುತ್ತಿರುವಾಗ ಪಕ್ಕದಲ್ಲಿ ನಿಂತವನು ಕಿರುಚಿದರೂ ಕೇಳಿಸುವುದಿಲ್ಲ. ಹಾಗಾಗಿ ಅಲ್ಲಿಯವರು ಕಿರುಚುವ ಗೋಜಿಗೇ ಹೋಗುವುದಿಲ್ಲ. ದನಿ ಹೊರಡಿಸದೆ ಬರೀ ತುಟಿಯಲ್ಲಿ ಮಾತನಾಡುತ್ತಾರೆ, ಎದುರಿಗಿರುವವನು ತುಟಿ ನೋಡಿ ತಿಳಿದುಕೊಳ್ಳುತ್ತಾನೆ. ಇದನ್ನು ಯಾರೂ ಪಾಠ ಹೇಳಿಕೊಡುವುದಿಲ್ಲ. ಕೆಲಸಕ್ಕೆ ಸೇರಿದ ಒಂದೆರಡು ವರ್ಷದಲ್ಲಿ ತಾನಾಗಿ ಬರುತ್ತದೆ. ಅಪ್ಪನಿಗೆ ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ನಾನು ಎಂಟನೇ ತರಗತಿಯಲ್ಲಿದ್ದಾಗ ಒಂದು ಸಂಜೆ ವಿಶ್ವೇಶ್ವರಪುರಂನ ತಿಂಡಿ ಬೀದಿಯಲ್ಲಿ ಗೆಳತಿಯ ಜೊತೆ ನಿಂತು ಅವರೆಕಾಯಿ ದೋಸೆ ತಿನ್ನುತ್ತ, ಗಣಿತದಲ್ಲಿ ನನಗೆ ಬಂದ ಅಂಕವನ್ನು ಅವಳ ಕಿವಿಯಲ್ಲಿ ಹೇಳಿದೆ. ರಸ್ತೆಯ ಆ ಬದಿಯಲ್ಲಿ ಅಪ್ಪ ಸೈಕಲ್ ಹಿಡಿದು ನಿಂತಿದ್ದು ನನಗೆ ಕಾಣಲಿಲ್ಲ. ಮನೆಗೆ ಬಂದಾಗ ಚಾಪೆಯ ಮೇಲೆ ಕೂತು, "ಮೂವತ್ತೆರಡಕ್ಕೆ ದೋಸೆ ತಿಂದ್ಯಲ್ಲ, ಐವತ್ತು ಬಂದಿದ್ರೆ ಏನ್ ತಿಂತಿದ್ದೆ?" ಎಂದ.

ಅಂದಿನಿಂದ ಗುಟ್ಟಿನ ಮಾತಿಗೆಲ್ಲ ನಾನು ಗೋಡೆಯ ಕಡೆ ತಿರುಗುತ್ತಿದ್ದೆ, ಇಲ್ಲವೇ ಕೈ ಅಡ್ಡ ಹಿಡಿಯುತ್ತಿದ್ದೆ. ಬೇರೆ ಮನೆಗಳಲ್ಲಿ ಮಕ್ಕಳು ಮೆಲ್ಲಗೆ ಮಾತನಾಡಿದರೆ ಸಾಕಿತ್ತು. ನಮ್ಮಲ್ಲಿ ಅದರಿಂದ ಏನೂ ಪ್ರಯೋಜನವಿರಲಿಲ್ಲ.

ಅಪ್ಪನ ಜೊತೆಗಾರ ನಂಜುಂಡ ಮಾಮ. ಶೆಡ್ಡಿನಲ್ಲಿ ಪಕ್ಕದ ನಾಲ್ಕು ಮಗ್ಗ ಅವನವು, ವಠಾರದಲ್ಲಿ ಎದುರಿನ ಮನೆ ಅವನದು. ಅಪ್ಪನಿಗಿಂತ ಐದು ವರ್ಷ ಚಿಕ್ಕವನು, ಮಾತಿನಲ್ಲಿ ಮಾತ್ರ ಹಿರಿಯ. ಇಬ್ಬರೂ ಮದುವೆ ಮನೆಗಳಲ್ಲಿ ದೂರ ದೂರದ ಪಂಕ್ತಿಯಲ್ಲಿ ಕೂತು, ಓಲಗದ ಅಬ್ಬರದ ನಡುವೆ, ಯಾರಿಗೂ ಕೇಳಿಸದಂತೆ ಪಾಯಸವನ್ನು ಬೈಯುತ್ತಿದ್ದರು. "ಇಬ್ರೂ ಮೀನಿನ ಥರ ಬಾಯಿ ಬಿಡ್ತೀರಿ, ನೋಡಿದೋರು ಏನಂದ್ಕೋಬೇಕು" ಎಂದು ಅಮ್ಮನಿಗೆ ನಾಚಿಕೆ. ನನಗೋ ಅದು ಸರ್ಕಸ್ಸು. ನೋಡಿ ನೋಡಿ ನಾನೂ ಓದುವುದನ್ನು ಕಲಿತೆ. ಕಲಿತದ್ದನ್ನು ಯಾರಿಗೂ ಹೇಳಲಿಲ್ಲ. ಬಾಲ್ಯದಲ್ಲಿ ನನ್ನದು ಅಂತ ಇದ್ದ ಆಸ್ತಿ ಅದೊಂದೇ.

ಮಿಲ್ಲು ಬಹಳ ಪ್ರಶಾಂತವಾದ ಜಾಗವೆಂದು ನಾನು ಹತ್ತು ವರ್ಷದವರೆಗೂ ನಂಬಿದ್ದೆ. ಏಕೆಂದರೆ ಮನೆಯವರನ್ನು ಒಳಗೆ ಬಿಡುತ್ತಿದ್ದದ್ದು ವರ್ಷಕ್ಕೊಂದೇ ದಿನ, ಆಯುಧಪೂಜೆಗೆ. ಅವತ್ತು ಮಗ್ಗಗಳೆಲ್ಲ ನಿಂತು, ಕುಂಕುಮ ಇಟ್ಟುಕೊಂಡು, ಬಾಳೆಕಂದು ಕಟ್ಟಿಸಿಕೊಂಡು ಸಾಲಾಗಿ ಇರುತ್ತಿದ್ದವು. ಒಂದು ವರ್ಷ ಮಕ್ಕಳೆಲ್ಲ ಕಾಡಿದ್ದಕ್ಕೆ ನಂಜುಂಡ ಮಾಮ ತನ್ನ ಒಂದು ಮಗ್ಗವನ್ನು ಒಂದು ನಿಮಿಷ ಓಡಿಸಿ ತೋರಿಸಿದ. ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿದುಕೊಂಡ ಸದ್ದಿಗೆ ನಾನು ಕಿವಿ ಮುಚ್ಚಿಕೊಂಡು ಅತ್ತುಬಿಟ್ಟೆ. ಅಪ್ಪ ನಕ್ಕು ಎತ್ತಿಕೊಂಡ. "ಒಂದಕ್ಕೇ ಹಿಂಗಾ ಪುಟ್ಟೀ?" ಎಂದ. ಆ ಸಂಜೆ ಮನೆಯಲ್ಲಿ ಕಾಗದದ ಮೇಲೆ ಲೆಕ್ಕ ಮಾಡಲು ಕೂತೆ, ಒಂದಕ್ಕೆ ಇಷ್ಟಾದರೆ ಇಡೀ ಶೆಡ್ಡಿಗೆ ಎಷ್ಟು ಎಂದು. ಗುಣಿಸಿದರೆ ಆಗುತ್ತದೆ ಎಂದುಕೊಂಡಿದ್ದೆ. ಸದ್ದನ್ನು ಹಾಗೆ ಗುಣಿಸುವಂತಿಲ್ಲ ಎಂಬುದು ಕಾಲೇಜಿನಲ್ಲಿ ಗೊತ್ತಾಯಿತು. ಆದರೆ ದಿಗಿಲು ಹುಟ್ಟಿದ್ದು ಆ ಸಂಜೆಯೇ.

ಮಿಲ್ಲಿನವರು ಒಮ್ಮೆ ಎಲ್ಲರಿಗೂ ಕಿವಿಗೆ ಹಾಕಿಕೊಳ್ಳುವ ರಬ್ಬರ್ ಬಿರಡೆ ಹಂಚಿದ್ದರು, ನೀಲಿ ದಾರ ಪೋಣಿಸಿದ ಜೋಡಿ. ಅಪ್ಪ ಅದನ್ನು ಡಬ್ಬಿಯ ಸಮೇತ ದೇವರ ಗೂಡಿನಲ್ಲಿ ಇಟ್ಟ. "ಕಿವಿ ಮುಚ್ಕೊಂಡ್ರೆ ಮಗ್ಗ ಏನ್ ಹೇಳ್ತಿದೆ ಅಂತ ಹೆಂಗ್ ಗೊತ್ತಾಗತ್ತೆ? ಎಳೆ ಕಡಿಯೋಕೆ ಮುಂಚೆ ಅದರ ಸದ್ದು ಬದಲಾಗತ್ತೆ" ಎನ್ನುವುದು ಅವನ ವಾದ. ಸ್ವಲ್ಪ ದಿನ ಕಳೆದ ಮೇಲೆ ಅದರಲ್ಲಿ ಒಂದು ಬಿರಡೆ ಹರಳೆಣ್ಣೆ ಶೀಶೆಯ ಬಾಯಿಗೆ ಬಂತು. "ಅಳತೆ ಕೊಟ್ಟು ಮಾಡಿಸಿದಂಗಿದೆ" ಎಂದು ಅಮ್ಮ ವಠಾರಕ್ಕೆಲ್ಲ ತೋರಿಸಿದಳು. ಇನ್ನೂ ನಾಲ್ಕಾರು ಮನೆಗಳ ಎಣ್ಣೆ ಶೀಶೆಗಳು ನೀಲಿ ದಾರ ಇಳಿಬಿಟ್ಟುಕೊಂಡವು.

ಅಪ್ಪ ಅಮ್ಮನ ಜಗಳಕ್ಕೆ ಕಾರಣ ಒಂದೇ, ಕುಕ್ಕರು. ಅಮ್ಮ ನಲ್ಲಿಗೆ ಹೋಗುವಾಗ "ಮೂರು ಕೂಗಿದ ಮೇಲೆ ಆರ್ಸಿ" ಎಂದು ಹೇಳಿ ಹೋಗುತ್ತಿದ್ದಳು. ಅಪ್ಪ ಒಲೆಯ ಮುಂದೆಯೇ ಪೇಪರ್ ಹಿಡಿದು ಕೂತಿರುತ್ತಿದ್ದ, ಬೇಳೆ ಸೀದು ವಾಸನೆ ಬಂದಮೇಲೆ ಏಳುತ್ತಿದ್ದ. "ಕಿವಿ ಇದ್ರೂ ಬೇಕಂತ್ಲೇ ಕೇಳಿಸ್ಕೊಳಲ್ಲ ಈ ಮನುಷ್ಯ. ನನ್ ಮಾತಂತೂ ಬಿಡಿ, ಕುಕ್ಕರ್ ಏನ್ ಪಾಪ ಮಾಡಿತ್ತು" ಎಂದು ಅಮ್ಮ ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಪಿಯುಸಿ ಮುಗಿಸಿ ನಾನು ವಾಕ್ ಮತ್ತು ಶ್ರವಣದ ಪದವಿಗೆ ಸೇರಿದೆ. ಇಂಜಿನಿಯರಿಂಗಿಗೆ ಅಂಕ ಸಾಲದೆ ಸೇರಿದ್ದು, ಅಪ್ಪನ ಕಿವಿಯನ್ನು ನೆನೆದು ಅಲ್ಲ. ಹಾಗೆ ಹೇಳಿದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಸುಳ್ಳು. ಎರಡನೇ ವರ್ಷದಲ್ಲಿ ಒಂದು ಮಧ್ಯಾಹ್ನ ನಮ್ಮ ಮೇಡಂ, ವರ್ಷಗಟ್ಟಲೆ ಸದ್ದಿನಲ್ಲಿ ಕೆಲಸ ಮಾಡುವವರಿಗೆ ಮೊದಲು ಹೋಗುವುದು ಸಣ್ಣ, ತೀಕ್ಷ್ಣ ಸದ್ದುಗಳು ಎಂದರು. ಮಾತು ಅರ್ಧಂಬರ್ಧ ಕೇಳಿಸುತ್ತಿರುತ್ತದೆ, ಹಾಗಾಗಿ ಅವರಿಗೇ ಗೊತ್ತಾಗುವುದಿಲ್ಲ. ತುಟಿ ನೋಡುವ ಅಭ್ಯಾಸವಿದ್ದರಂತೂ ಮನೆಯವರಿಗೂ ಗೊತ್ತಾಗುವುದಿಲ್ಲ. ಹೋದದ್ದು ಮತ್ತೆ ಬರುವುದಿಲ್ಲ. ನಾನು ನೋಟ್ಸ್ ಬರೆಯುವುದನ್ನು ನಿಲ್ಲಿಸಿದೆ. ನನ್ನ ಕಿವಿಯಲ್ಲಿ ನಮ್ಮ ಮನೆಯ ಕುಕ್ಕರು ಕೂಗುತ್ತಿತ್ತು.

ಮನೆಯಲ್ಲಿ ಬಾಯಿ ಬಿಡಲಿಲ್ಲ. ಅಪ್ಪನ ಬೆನ್ನ ಹಿಂದೆ ನಿಂತು ಮೆಲ್ಲಗೆ ಕರೆಯುವುದು, ತಟ್ಟೆಯ ಮೇಲೆ ಚಮಚ ಬಡಿಯುವುದು, ಹೀಗೆ ಕಳ್ಳ ಪರೀಕ್ಷೆಗಳನ್ನು ಮಾಡುತ್ತಿದ್ದೆ. ಪ್ರತಿ ಸಲ ಅವನು ತಿರುಗದೆ ಇದ್ದಾಗ, ಪೇಪರಿನಲ್ಲಿ ಮುಳುಗಿದ್ದಾನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಮೂರನೇ ವರ್ಷದಲ್ಲಿ, ನಮ್ಮ ವಿಭಾಗಕ್ಕೆ ಒಂದು ಮಿಲ್ಲಿನಿಂದ ಕರೆ ಬಂತು. ಮಗ್ಗದ ಶೆಡ್ಡಿನವರ ಕಿವಿ ಪರೀಕ್ಷೆ ಮಾಡಿಕೊಡಬೇಕಂತೆ. ಮೇಡಂ ಹೆಸರು ಹೇಳಿದರು. ಅದು ನನ್ನ ಅಪ್ಪನ ಮಿಲ್ಲು ಎಂದು ಆಗಲೇ ಎದ್ದು ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಮನೆಯ ವಿಷಯವನ್ನು ತರಗತಿಯಲ್ಲಿ ಹೇಳುವುದೆಂದರೆ ನನಗೆ ಪೆಟ್ಟಿಗೆ ಬಿಚ್ಚಿ ಬಟ್ಟೆ ತೋರಿಸಿದ ಹಾಗೆ.

ಆ ವಾರವೇ ವಠಾರದ ಅಂಗಳದಲ್ಲಿ, ತನ್ನ ಬಾಗಿಲಲ್ಲಿ ನಂಜುಂಡ ಮಾಮ, ನಮ್ಮ ಬಾಗಿಲಲ್ಲಿ ಅಪ್ಪ, ದನಿಯಿಲ್ಲದೆ ಮಾತನಾಡುತ್ತಿದ್ದರು. ನಾನು ಕಿಟಕಿಯ ಹತ್ತಿರ ಅಕ್ಕಿ ಆರಿಸುತ್ತಿದ್ದೆ.

"ಟೆಸ್ಟಲ್ಲಿ ಫೇಲಾದೋರನ್ನ ಫೋಲ್ಡಿಂಗಿಗೆ ಹಾಕ್ತಾರಂತೆ" ಎಂದ ನಂಜುಂಡ ಮಾಮ. ಫೋಲ್ಡಿಂಗ್ ಎಂದರೆ ಬಟ್ಟೆ ಮಡಿಸುವ ವಿಭಾಗ. ಮಗ್ಗದವರ ಪಾಲಿಗೆ ಅಲ್ಲಿಗೆ ಹೋಗುವುದು ಕೈ ಕಡಿಸಿಕೊಂಡ ಹಾಗೆ.

"ಮಗ್ಗ ಬಿಟ್ಟು ಸೀರೆ ಮಡಿಸ್ಲಾ ಈ ವಯಸ್ಸಲ್ಲಿ?" ಎಂದ ಅಪ್ಪ.

"ಯಾಕ್ ಮಡಿಸ್ತೀಯ ಶಿವಣ್ಣ? ಹೋದ್ಸಾರಿ ಪಕ್ಕದ ಮಿಲ್ನೋರು ಏನ್ ಮಾಡಿದ್ರು ಗೊತ್ತಾ? ಟೆಸ್ಟ್ ಮಾಡೋ ಹುಡುಗೀರು ಎದುರಿಗೇ ಕೂರ್ತಾರೆ. ಅವರ ಬಲಗೈ ನೋಡ್ತಿರು. ಗುಂಡಿ ಒತ್ತಿದ್ರಾ, ನೀನು ಬೆರಳೆತ್ತು. ನಮ್ ಕಣ್ಣಿಗೆ ಇದೊಂದು ಕೆಲಸಾನಾ?"

ಅಪ್ಪ ನಕ್ಕ. ನಾನು ಅಕ್ಕಿಯಲ್ಲಿ ಕಲ್ಲು ಹುಡುಕುತ್ತ ತಲೆ ತಗ್ಗಿಸಿದೆ. ಅವತ್ತಿನ ಅನ್ನದಲ್ಲಿ ಎಲ್ಲರ ಬಾಯಿಗೂ ಕಲ್ಲು ಸಿಕ್ಕಿತು.

ಪರೀಕ್ಷೆಯ ದಿನ ಬೆಳಿಗ್ಗೆ ಪಾಳಿ ಶುರುವಾಗುವ ಮೊದಲೇ ಹೋದೆವು. ಶೆಡ್ಡಿಗೆ ದೂರವಿದ್ದ ಡಿಸ್ಪೆನ್ಸರಿಯಲ್ಲಿ ಎರಡು ಕೋಣೆ ಕೊಟ್ಟಿದ್ದರು. ಒಂದರಲ್ಲಿ ನನ್ನ ಸಹಪಾಠಿ, ಇನ್ನೊಂದರಲ್ಲಿ ನಾನು. ಪರೀಕ್ಷೆ ಮಾಡಿಸಿಕೊಳ್ಳುವವರಿಗೆ ನಮ್ಮ ಕೈ ಕಾಣಬಾರದು ಎಂಬುದು ಮೊದಲ ಪಾಠ. ಆದರೆ ಕೋಣೆ ಇಕ್ಕಟ್ಟು, ಕುರ್ಚಿ ಮೇಜುಗಳನ್ನು ಅಲ್ಲಿಯವರೇ ಎದುರುಬದುರಾಗಿ ಜೋಡಿಸಿಬಿಟ್ಟಿದ್ದರು, ಸಾಲು ಬೆಳೆಯುತ್ತಿತ್ತು. ಮೇಡಂ ಹೊರಗೆ ಹೆಸರು ಬರೆಸುವುದರಲ್ಲಿದ್ದರು. ನನಗೆ ಗೊತ್ತಿತ್ತು. ಒಬ್ಬೊಬ್ಬರೇ ಬಂದು ನನ್ನ ಬಲಗೈಯನ್ನೇ ನೋಡುತ್ತ, ಆಗ ತಾನೆ ಹುಟ್ಟಿದ ಮಗುವಿನಂಥ ಕಿವಿ ತಮ್ಮದೆಂದು ಬೆರಳೆತ್ತಿ ಹೋದರು. ನಾನು ಬರೆದುಕೊಂಡೆ. ಎದ್ದು ಹೇಳಿದರೆ, ನಿನಗೆ ಹೇಗೆ ಗೊತ್ತು ಎನ್ನುತ್ತಾರೆ. ಆಗ ಎಲ್ಲವನ್ನೂ ಹೇಳಬೇಕಾಗುತ್ತದೆ.

ನಂಜುಂಡ ಮಾಮ ಪಕ್ಕದ ಕೋಣೆಯಿಂದ ಹೊರಬಂದು, ವರಾಂಡದ ಸಾಲಿನಲ್ಲಿದ್ದ ಅಪ್ಪನಿಗೆ ತುಟಿಯಲ್ಲೇ "ಎಲ್ಲಾ ಎತ್ತಿದೆ" ಎಂದ. ತೆರೆದ ಬಾಗಿಲಿಂದ ನನಗೂ ಕಂಡಿತು.

ಆಮೇಲೆ ಅಪ್ಪ ಒಳಗೆ ಬಂದ. ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಬಾಗಿಲಲ್ಲಿ ನಿಂತು, "ಕೂತ್ಕೊಳ್ಲಾ ಮೇಡಂ?" ಎಂದ. ಅವನ ಮಗಳೆಂದು ನಾನು ಯಾರಿಗೂ ಹೇಳಿಲ್ಲವೆಂಬುದು ಅವನಿಗೆ ಹೇಗೆ ತಿಳಿಯಿತೋ. ಬಹುಶಃ ನನ್ನ ಮುಖ ನೋಡಿಯೇ.

ಹೆಡ್‌ಫೋನ್ ಹಾಕಿದೆ. ಕೆಳದನಿಯ ಸದ್ದುಗಳಿಗೆ ಬೆರಳು ಎದ್ದಿತು. ಮೇಲಕ್ಕೆ, ತೀಕ್ಷ್ಣ ಸದ್ದುಗಳಿಗೆ, ಹೋದೆ. ಅಲ್ಲೂ ಎದ್ದಿತು, ತಡವಿಲ್ಲದೆ. ಅಪ್ಪನ ಕಣ್ಣು ನನ್ನ ಬಲಗೈಯ ಮೇಲಿತ್ತು. ಅದೇ ಕಣ್ಣು ರಸ್ತೆಯಾಚೆಯಿಂದ ನನ್ನ ಮೂವತ್ತೆರಡನ್ನು ಓದಿತ್ತು. ಹೀಗೇ ಮುಗಿಸಿ ಬರೆದುಬಿಟ್ಟರೆ ಅವನು ಶೆಡ್ಡಿಗೆ ಹಿಂತಿರುಗುತ್ತಾನೆ, ಸಂಜೆ ಮನೆಗೆ ಬಂದು ನಗುತ್ತಾನೆ, ಇನ್ನು ಹತ್ತು ವರ್ಷದಲ್ಲಿ ಉಳಿದದ್ದೂ ಹೋಗುತ್ತದೆ. ಗುಂಡಿಯಿಂದ ಬೆರಳು ತೆಗೆದೆ.

"ಸ್ವಲ್ಪ ಗೋಡೆ ಕಡೆ ತಿರುಗಿ ಕೂತ್ಕೊಳ್ಳಿ" ಎಂದೆ.

ಹುಟ್ಟಿದಾಗಿನಿಂದ ನೀನು ಎಂದೇ ಮಾತನಾಡಿಸಿದ ಅಪ್ಪನಿಗೆ ನಾನು ಬಹುವಚನ ಹಚ್ಚಿದ್ದು ಅದೇ ಮೊದಲು. ಅವನು ನನ್ನನ್ನು ಒಂದು ಕ್ಷಣ ನೋಡಿದ. ಎದ್ದು, ಕುರ್ಚಿಯನ್ನು ತಾನೇ ತಿರುಗಿಸಿ ಕೂತ.

ಮತ್ತೆ ಮೊದಲಿನಿಂದ ಶುರುಮಾಡಿದೆ. ಕೆಳದನಿಗೆ ಬೆರಳು ಎದ್ದಿತು. ಮೇಲಕ್ಕೆ ಹೋದಂತೆ ನಿಂತಿತು. ಸದ್ದು ಹೆಚ್ಚಿಸಿದೆ, ಇನ್ನೂ ಹೆಚ್ಚಿಸಿದೆ. ಹೆಡ್‌ಫೋನಿನಿಂದ ಸೋರಿ ನನಗೇ ಕೇಳಿಸುವಷ್ಟಾಯಿತು. ಅಪ್ಪನ ಬೆರಳು ಮೊಣಕಾಲಿನಿಂದ ಒಂದಂಗುಲ ಮೇಲೆ, ಎದ್ದೇಳಲು ಸಿದ್ಧವಾಗಿ, ಕಾಯುತ್ತಲೇ ಇತ್ತು. ಒಮ್ಮೆ ಎದ್ದಿತು. ಆಗ ನಾನು ಸದ್ದನ್ನೇ ಕೊಟ್ಟಿರಲಿಲ್ಲ.

ಅವನಾದ ಮೇಲೆ ಬಂದವರಿಗೂ ಕುರ್ಚಿ ಹಾಗೆಯೇ ಇರಬೇಕಿತ್ತು. ಮುಂದಿನವನು ಬಂದು ಅದನ್ನು ಮೊದಲಿನ ಹಾಗೆ ತಿರುಗಿಸಿಕೊಂಡು ಕೂತ. ನಾನು ತಡೆಯಲಿಲ್ಲ. ಒಂದು ದಿನಕ್ಕೆ ಒಂದು ಧೈರ್ಯ ಸಾಕೆನಿಸಿತೋ, ಅಥವಾ ನನ್ನವನೊಬ್ಬನನ್ನು ಉಳಿಸಿಕೊಂಡರೆ ಸಾಕೆನಿಸಿತೋ, ಈಗಲೂ ಸರಿಯಾಗಿ ಹೇಳಲಾರೆ.

ತಿಂಗಳೊಳಗೆ ಅಪ್ಪನನ್ನು ಫೋಲ್ಡಿಂಗಿಗೆ ಹಾಕಿದರು. ನಂಜುಂಡ ಮಾಮ ಶೆಡ್ಡಿನಲ್ಲೇ ಉಳಿದ. ಅಪ್ಪನಿಗೆ ಯಾವ ಸದ್ದು ಎಷ್ಟು ಕೇಳಿಸುತ್ತದೆಂದು ನಾನು ಬಿಡಿಸಿಕೊಟ್ಟ ನಕ್ಷೆಯನ್ನು ಅಮ್ಮ ಬಹಳ ಹೊತ್ತು ನೋಡಿದಳು. ಕೆಳಗೆ ಇಳಿಯುವ ಗೆರೆಯ ಮೇಲೆ ಬೆರಳಿಟ್ಟು, "ಕುಕ್ಕರು ಎಲ್ಲಿ ಬರತ್ತೆ?" ಎಂದಳು. ತೋರಿಸಿದೆ. ಅವಳು ಎದ್ದು ಒಳಗೆ ಹೋದಳು. ಆ ಮೇಲೆ ಅಪ್ಪನನ್ನು ಹಿಂದಿನಿಂದ ಕರೆಯುವುದನ್ನು ಬಿಟ್ಟಳು. ಒದ್ದೆ ಕೈಯಲ್ಲೇ ಎದುರಿಗೆ ಬಂದು ನಿಲ್ಲುತ್ತಿದ್ದಳು.

ಅಪ್ಪ ಮಾತ್ರ ನನ್ನ ಜೊತೆ ಮಾತು ಬಿಟ್ಟ. ತುಟಿ ಓದುವವರ ಸಿಟ್ಟು ಬಹಳ ಕಷ್ಟದ್ದು. ನಾನು ಮಾತು ಎತ್ತಿದ ಕೂಡಲೇ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಅಷ್ಟಕ್ಕೆ ಮುಗಿಯಿತು. ಹತ್ತನೆಯ ದಿನ ತಡೆಯಲಾರದೆ ಅವನ ಮೊಣಕೈ ಅಲ್ಲಾಡಿಸಿ ಕಣ್ಣು ಬಿಡಿಸಿದೆ. "ಅಲ್ಲಿ ಸದ್ದಿಲ್ಲಪ್ಪ. ಕಿವಿಗೆ ರೆಸ್ಟ್ ಸಿಕ್ಕಿದ್ರೆ ಒಳ್ಳೇದು" ಎಂದೆ.

"ಎಷ್ಟ್ ದಿನ?"

"ಒಂದ್ ವರ್ಷ ಆಗ್ಲಿ, ಮತ್ತೆ ಟೆಸ್ಟ್ ಮಾಡಿ ನೋಡೋಣ."

ಅವನು ತಲೆಯಾಡಿಸಿದ. ನನಗೆ ಎಷ್ಟು ಹಗುರವಾಯಿತೆಂದರೆ, ನಾನು ಹೇಳಿದ್ದೇನು, ಅವನಿಗೆ ತಿಳಿದದ್ದೇನು ಎಂದು ಯೋಚಿಸಲೇ ಇಲ್ಲ. ಅಳೆದು ತೂಗಿ ಮಾತನಾಡುವವಳೆಂದು ನನಗೆ ಹೆಸರು. ಅವತ್ತು ಅಳೆಯಲಿಲ್ಲ.

ಆ ವರ್ಷವನ್ನು ಅಪ್ಪ ವ್ರತದಂತೆ ನಡೆಸಿದ. ಹರಳೆಣ್ಣೆ ಶೀಶೆಯ ಬಿರಡೆಯನ್ನು ಕಿತ್ತು, ಬಿಸಿನೀರು ಸೋಪಿನಲ್ಲಿ ತೊಳೆದು, ದಾರಕ್ಕೆ ಜೋಡಿಸಿಕೊಂಡ. ದೀಪಾವಳಿಯ ಪಟಾಕಿಗೆ ಅದು, ಬೀದಿಯ ಗಣೇಶನ ಧ್ವನಿವರ್ಧಕಕ್ಕೆ ಅದು. ಮದುವೆಗಳಲ್ಲಿ ಓಲಗದವರಿಂದ ಆದಷ್ಟು ದೂರ. "ಶಿವಣ್ಣಂಗೆ ಮಗಳು ಮಂತ್ರ ಹಾಕವ್ಳೆ" ಎಂದು ನಂಜುಂಡ ಮಾಮ ರೇಗಿಸುತ್ತಿದ್ದ. "ಲೋ, ನೀನೂ ಹಾಕ್ಕೋಳೋ" ಎಂದರೆ, "ನಾನು ಪಾಸಾದೋನು ಕಣಣ್ಣ, ನಂಗ್ಯಾಕೆ?" ಎನ್ನುತ್ತಿದ್ದ. ಆ ಮಾತು ಬಂದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಅಪ್ಪನ ಬಗ್ಗೆ ಮಾತ್ರ ಹೆಮ್ಮೆ. ಮಗ್ಗದವರೊಬ್ಬರಿಗೆ ನಾನು ತಿಳಿವಳಿಕೆ ಮೂಡಿಸಿದೆ ಎಂದು ಡೈರಿಯಲ್ಲಿ ಬರೆದುಕೊಂಡೆ ಕೂಡ. ವರ್ಷ ತುಂಬುವ ಹೊತ್ತಿಗೆ ಅಪ್ಪ ಹೊಸ ಖಾಕಿ ಅಂಗಿ ಹೊಲಿಸಿದಾಗಲೂ ನನಗೆ ಹೊಳೆಯಲಿಲ್ಲ. ಫೋಲ್ಡಿಂಗಿನವರು ಬಿಳಿ ಹಾಕುತ್ತಾರೆ. ಖಾಕಿ ಶೆಡ್ಡಿನದು.

ಟೆಸ್ಟನ್ನು ಅವನೇ ನೆನಪಿಸಿದ. ಈ ಸಲ ನಮ್ಮ ವಿಭಾಗದಲ್ಲೇ ಮಾಡಿದೆ. ನಾನು ಹೇಳುವ ಮೊದಲೇ ಗೋಡೆಗೆ ಮುಖ ಮಾಡಿ ಕೂತ. ಮುಗಿದ ಮೇಲೆ ಎರಡು ನಕ್ಷೆಗಳನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಗೆರೆ ಗೆರೆಗೆ ಕೂತಿತು. ಒಂದು ಚುಕ್ಕೆಯೂ ಕೆಳಗೆ ಇಳಿದಿರಲಿಲ್ಲ. ನಂಬಿಕೆಯಾಗದೆ ಇನ್ನೊಮ್ಮೆ ನೋಡಿದೆ. ಓಡುತ್ತಲೇ ಹೊರಗೆ ಬಂದೆ. ಅಪ್ಪ ಕಾರಿಡಾರಿನ ಬೆಂಚಿನ ತುದಿಯಲ್ಲಿ ಕೂತಿದ್ದ.

"ಜಾಸ್ತಿ ಆಗಿದ್ಯಾ?" ಎಂದ.

"ಅಷ್ಟೇ ಇದೆಯಪ್ಪ. ಹೋದ್ವರ್ಷದಷ್ಟೇ."

"ಅಷ್ಟೇನಾ?"

ಅವನ ಮುಖ ನೋಡಿದಾಗ ನನಗೆ ತಿಳಿಯಿತು. ಅವನು ಕೇಳಿದ್ದು ರೋಗ ಜಾಸ್ತಿಯಾಗಿದೆಯೇ ಎಂದಲ್ಲ. ಒಂದು ವರ್ಷದಿಂದ ಅವನು ಔಷಧಿ ಕುಡಿಯುತ್ತಿದ್ದ. ರೆಸ್ಟ್ ಎಂಬ ಔಷಧಿ, ನಾನು ಬರೆದುಕೊಟ್ಟದ್ದು.

"ಇನ್ನೂ ಒಂದ್ವರ್ಷ ಬೇಕಾ ಹಂಗಾದ್ರೆ?" ಎಂದ.

ಸುಮ್ಮನೆ ಹೂಂ ಎನ್ನಬಹುದಿತ್ತು. ಅವನ ಎದುರು ಕುಕ್ಕುರುಗಾಲಿನಲ್ಲಿ ಕೂತೆ, ಮುಖಕ್ಕೆ ಬೆಳಕು ಬೀಳುವ ಹಾಗೆ. ನಿಧಾನವಾಗಿ, ಒಂದೊಂದೇ ಮಾತು ಹೇಳಿದೆ. "ಹೋಗಿದ್ದು ಬರಲ್ಲಪ್ಪ. ಎಷ್ಟ್ ವರ್ಷ ಆದ್ರೂ ಬರಲ್ಲ. ಆವಾಗ್ಲೇ ಹೇಳ್ಬೇಕಿತ್ತು, ಹೇಳ್ಲಿಲ್ಲ, ತಪ್ಪು ನಂದು. ಇರೋದು ಹೋಗ್ಲಿಲ್ಲ, ಅಷ್ಟೇ. ಶೆಡ್ಡಿಂದ ಆಚೆ ಇದ್ದಿದ್ದಕ್ಕೆ ಹೋಗ್ಲಿಲ್ಲ."

ಅಪ್ಪ ಕಣ್ಣು ಮುಚ್ಚುತ್ತಾನೆಂದು ಕಾದೆ. ಮುಚ್ಚಲಿಲ್ಲ. ನನ್ನ ಕೈಯಿಂದ ಎರಡು ಹಾಳೆಗಳನ್ನೂ ತೆಗೆದುಕೊಂಡು ನೋಡಿದ. ಕಾರಿಡಾರಿನಲ್ಲಿ ಯಾರೋ ಕಬ್ಬಿಣದ ಬೀರು ಎಳೆದುಕೊಂಡು ಹೋದರು. ಅದು ಅವನಿಗೆ ಎಷ್ಟು ಕೇಳಿಸಿರಬಹುದೆಂದು ನಾನು ಲೆಕ್ಕ ಹಾಕುತ್ತಿದ್ದೆ. ಇಂಥ ಹೊತ್ತಿನಲ್ಲೂ ನನ್ನ ಬುದ್ಧಿ ಅದೇ.

"ನಂಜುಂಡಂದು ಎಷ್ಟಿದೆ?" ಎಂದ.

"ಬೇರೆಯೋರದ್ದು ಹೇಳ್ಬಾರ್ದಪ್ಪ. ಮತ್ತೆ ಅದು ಸರಿಯಾದ ಟೆಸ್ಟೂ ಅಲ್ಲ."

"ಗೊತ್ತು ಸರಿಯಾದ್ದಲ್ಲ ಅಂತ. ಕೈ ನೋಡು ಅಂತ ನಂಗೆ ಹೇಳ್ಕೊಟ್ಟಿದ್ದೇ ಅವನು." ಹಾಳೆಯಿಂದ ಕಣ್ಣೆತ್ತಿದ. "ನಿಂಗೂ ಗೊತ್ತಿತ್ತು."

ಅಕ್ಕಿ ಆರಿಸುತ್ತಿದ್ದವಳ ಕಣ್ಣು ಎಲ್ಲಿತ್ತೆಂದು ಅವನು ಅಂದೇ ನೋಡಿರಬೇಕು.

"ಒಂದ್ವರ್ಷ ಹೋಯ್ತು ಅವಂದು" ಎಂದ ಅಪ್ಪ. ಗೋಡೆಯ ಗಡಿಯಾರ ನೋಡಿದ. "ಇವತ್ತು ಅವನಿಗೆ ಎರಡನೇ ಪಾಳಿ. ಈಗ ಹೊರಟ್ರೆ ಗೇಟ್ ಹತ್ರ ಸಿಗ್ತಾನೆ. ಬಾ."

"ನಾನೇನಪ್ಪ ಹೇಳ್ಲಿ?"

ಅವನು ಎರಡು ಹಾಳೆಗಳನ್ನೂ ನಾಲ್ಕು ಮಡಿಕೆ ಮಾಡಿ, ನನ್ನ ಕೈಗೆ ಕೊಟ್ಟ.

"ಅವಂದು ತೋರಿಸ್ಬಾರ್ದು ಸರಿ. ನಂದು ತೋರಿಸ್ಬೋದಲ್ಲ?"